ತಲೆಹರಟೆ ವರದಿಗಾರ್ತಿ, ಹೊರಟ ರೈಲು: ಯಾವ ಸಿನಿಮಾ ಇದು?

ಬಾಣಂತನದಜ್ಜಿ
ಎಲ್ಲರಿಗೂ ನಮಸ್ಕಾರ. ಮಗಳ ಬಾಣಂತನಕ್ಕೆ ಅಂತ ನ್ಯೂಜೆರ್ಸಿಗೆ ಬಂದು ಐದು ವಾರ ಆಯಿತು. ರಾತ್ರಿ ಪಾಳಿ ನನ್ನದು. ಮಗುವನ್ನು ತೊಡೆ ಮೇಲೆ ಹಾಕಿಕೊಂಡು, ಟೀವಿ ಸದ್ದು ಸಣ್ಣಗೆ ಮಾಡಿ, ಹಳೇ ಕಪ್ಪು ಬಿಳುಪು ಸಿನಿಮಾ ಹಾಕುವ ಚಾನೆಲ್ ನೋಡುತ್ತಾ ಕೂರುತ್ತೇನೆ.

ಮೊನ್ನೆ ಒಂದು ಶುರುವಾಯಿತು. ಹೆಸರು ಬರುವಾಗ ನಾನು ಹಾಲಿನ ಬಾಟಲಿ ತೊಳೆಯುತ್ತಿದ್ದೆ. ಒಬ್ಬಳು ಟ್ಯಾಕ್ಸಿಯಲ್ಲಿ ಧಾವಿಸಿ ಬಂದು, ಹೊರಟ ರೈಲಿಗೆ ನೆಗೆದು ಹತ್ತುತ್ತಾಳೆ. ಪತ್ರಿಕೆಯವಳು. ಒಳಗೆ ಒಬ್ಬ ದುಡ್ಡಿನ ಕುಳನ ಸಂದರ್ಶನ ಮಾಡುತ್ತಾಳೆ. ರೈಲು ಇಳಿದ ಮೇಲೆ ಅವನಿಗೆ ಗುಂಡು ಬೀಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಕಿರುಚುತ್ತಿದ್ದರು. ಇವಳಿಗೆ ಮೊದಲು ಬೇಕಾದದ್ದು ಫೋನು! ಅವಳನ್ನು ಮದುವೆಯಾಗುವವನು ಪೊಲೀಸ್ ಅಧಿಕಾರಿ. ಅವನಿಗೆ ಒಂದು ಮಾತು ಆಡಲು ಬಿಡುವುದಿಲ್ಲ, ಅಷ್ಟು ಬಾಯಿ. ಅಷ್ಟರಲ್ಲಿ ಮಗು ಎದ್ದಿತು. ಕೊಲೆಗಾರ ಯಾರು ಅಂತ ಗೊತ್ತಾಗಲಿಲ್ಲ. ಯಾರಿಗಾದರೂ ಹೆಸರು ಗೊತ್ತಾ? ಕೊಲೆಗಾರನ ಹೆಸರು ಮಾತ್ರ ಹೇಳಬೇಡಿ.

ಹಳೇರೀಲು
ಅಮ್ಮಾ, ಇದು ‘ಸ್ಮಾರ್ಟ್ ಬ್ಲಾಂಡ್’. 1937ರ ವಾರ್ನರ್ ಬ್ರದರ್ಸ್ ಸಿನಿಮಾ. ರೈಲಿಗೆ ನೆಗೆದವಳು ಟಾರ್ಚಿ ಬ್ಲೇನ್, ‘ಮಾರ್ನಿಂಗ್ ಹೆರಾಲ್ಡ್’ ಪತ್ರಿಕೆಯ ವರದಿಗಾರ್ತಿ. ಮಾಡಿದವರು ಗ್ಲೆಂಡಾ ಫಾರೆಲ್. ಆ ಪೊಲೀಸ್ ಹುಡುಗ ಸ್ಟೀವ್ ಮ್ಯಾಕ್‌ಬ್ರೈಡ್, ಮಾಡಿದವರು ಬಾರ್ಟನ್ ಮ್ಯಾಕ್‌ಲೇನ್. ಗುಂಡು ತಿಂದವನು ಟೈನಿ ಟಾರ್ಗೆನ್ಸನ್.

ಸಿಹಿ ಸುದ್ದಿ ಏನಂದರೆ ಇದೊಂದೇ ಅಲ್ಲ. 1937ರಿಂದ 1939ರೊಳಗೆ ಒಂಬತ್ತು ಟಾರ್ಚಿ ಸಿನಿಮಾ ಬಂದವು. ಏಳರಲ್ಲಿ ಫಾರೆಲ್ ಇದ್ದಾರೆ. ಒಂದರಲ್ಲಿ ಲೋಲಾ ಲೇನ್, ಕೊನೆಯದರಲ್ಲಿ ಜೇನ್ ವೈಮನ್. ಈ ವೈಮನ್ ಅವರನ್ನು ನೀವು ನೋಡಿದ ಸಿನಿಮಾದಲ್ಲೇ ಹುಡುಕಿ. ಕ್ಲಬ್ಬಿನಲ್ಲಿ ಬಂದವರ ಟೋಪಿ ಕೋಟು ತೆಗೆದಿಡುವ ಹುಡುಗಿ ಅವರೇ. ಎರಡು ವರ್ಷದಲ್ಲಿ ಟೋಪಿ ಹಿಡಿಯುವ ಕೆಲಸದಿಂದ ನಾಯಕಿ. ಮುಂದೆ ಆಸ್ಕರ್ ಕೂಡ ಬಂತು, ‘ಜಾನಿ ಬೆಲಿಂಡಾ’ಕ್ಕೆ.

ಎಲ್ಲ ಒಂಬತ್ತರಲ್ಲೂ ಇರುವ ಒಬ್ಬನೇ ಒಬ್ಬ ನಟ ಟಾಮ್ ಕೆನಡಿ. ಗಹಗನ್ ಅನ್ನುವ ದಡ್ಡ ಪೊಲೀಸಿನ ಪಾತ್ರ. ನಾಯಕಿ ಬದಲಾದರೂ ದಡ್ಡ ಬದಲಾಗಲಿಲ್ಲ.

ಬಾಣಂತನದಜ್ಜಿ
ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಮೊಬೈಲಿನಲ್ಲಿ ನೋಡಿದೆ, ಇಡೀ ಸಿನಿಮಾ 59 ನಿಮಿಷ ಅಂತೆ! ನಮ್ಮ ಕಾಲದಲ್ಲಿ ಇಂಟರ್ವಲ್ ಬರುವುದಕ್ಕೇ ಅಷ್ಟು ಹೊತ್ತಾಗುತ್ತಿತ್ತು. ಇಷ್ಟು ಚಿಕ್ಕದು ಯಾಕೆ? ಮಗುವಿನ ಒಂದು ನಿದ್ದೆಗೆ ಸರಿಹೋಗುತ್ತದೆ, ನನಗೇನೂ ಬೇಜಾರಿಲ್ಲ.

ಹಳೇರೀಲು
ಅದಕ್ಕೆ ದುಡ್ಡಿನ ಲೆಕ್ಕ ಇದೆ, ಸ್ವಲ್ಪ ಉದ್ದ ಹೇಳುತ್ತೇನೆ.

1930ರ ದಶಕ, ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ. ಜನರ ಕೈಲಿ ಕಾಸಿಲ್ಲ. ಥಿಯೇಟರ್‌ನವರು ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸಲು ಶುರು ಮಾಡಿದರು. ದೊಡ್ಡ ತಾರೆಯರದ್ದು ಎ ಸಿನಿಮಾ, ಜೊತೆಗೆ ಹಾಕುವ ಚಿಕ್ಕದು ಬಿ ಸಿನಿಮಾ. ದೊಡ್ಡದರ ಗಳಿಕೆಯಲ್ಲಿ ಕಂಪನಿಗೆ ಶೇಕಡಾ ಲೆಕ್ಕದಲ್ಲಿ ಪಾಲು. ಚಿಕ್ಕದಕ್ಕೆ ಸಾಮಾನ್ಯವಾಗಿ ಇಷ್ಟು ಅಂತ ಗೊತ್ತು ಮಾಡಿದ ಬಾಡಿಗೆ, ಅಷ್ಟೇ.

ಇದರ ಅರ್ಥ ಏನು? ಬಿ ಸಿನಿಮಾ ಎಷ್ಟೇ ಚೆನ್ನಾಗಿ ಬಂದರೂ ಒಂದು ಕಾಸು ಹೆಚ್ಚು ಬರುವುದಿಲ್ಲ. ಕೆಟ್ಟದಾಗಿ ಬಂದರೂ ಕಡಿಮೆಯಾಗುವುದಿಲ್ಲ. ಲಾಭ ಬೇಕಾದರೆ ಒಂದೇ ದಾರಿ, ಖರ್ಚು ಕಡಿಮೆ ಮಾಡುವುದು. ಒಂದು ಗಂಟೆಯ ಸಿನಿಮಾಕ್ಕೆ ರೀಲು ಕಡಿಮೆ, ದಿನಗೂಲಿ ಕಡಿಮೆ, ಎರಡು ಸಿನಿಮಾ ಸೇರಿಸಿದರೂ ಜನ ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಾರೆ.

ಈಗ ವರದಿಗಾರನ ಪಾತ್ರ ಯಾಕೆ ಅಂತ ಯೋಚಿಸಿ. ಪತ್ರಿಕಾ ಕಚೇರಿಯ ಸೆಟ್ಟಿಗೆ ಏನು ಬೇಕು? ನಾಲ್ಕು ಮೇಜು, ಎರಡು ಫೋನು, ಒಂದು ಟೈಪ್‌ರೈಟರ್, ಬಾಯಿ ಮಾಡುವ ಸಂಪಾದಕ ಒಬ್ಬ. ಗುಂಡಿನ ಕಾಳಗ ತೋರಿಸುವ ಬದಲು ಗಿರಗಿರ ತಿರುಗುತ್ತಾ ಬರುವ ಪತ್ರಿಕೆಯ ಮುಖಪುಟ ತೋರಿಸಿದರೆ ಸಾಕು, ಮೂರು ಸೆಕೆಂಡಿನಲ್ಲಿ ಅರ್ಧ ಕಥೆ ಮುಗಿಯಿತು. ಪೊಲೀಸ್ ನಾಯಕನಾದರೆ ನಿಯಮ, ಮೇಲಧಿಕಾರಿ, ವಾರಂಟು. ವರದಿಗಾರ ಹಿತ್ತಲ ಕಿಟಕಿಯಿಂದ ನುಗ್ಗುತ್ತಾನೆ, ಯಾರನ್ನು ಬೇಕಾದರೂ ಪ್ರಶ್ನೆ ಕೇಳುತ್ತಾನೆ. ಎಲ್ಲಕ್ಕಿಂತ ಮುಖ್ಯ, ಅವನು ಮಾತಾಡುತ್ತಾನೆ. ಕಾರು ಉರುಳಿಸಲು ದುಡ್ಡು ಬೇಕು. ತಲೆಹರಟೆಗೆ ಬೇಡ.

ಬೆಣ್ಣೆದೋಸೆ
ಸರ, ನೀವು ಹೇಳಿದ್ದು ಕೇಳಿದರೆ ಜಿಪುಣತನಕ್ಕೆ ಹಾರ ಹಾಕಿದಂಗಿದೆ. ನಾನೂ ಇಂಥವು ಐದಾರು ನೋಡಿದೀನಿ. ಕಥೆಗೆ ತಲೆಬುಡ ಇರಲ್ಲ. ಕೊಲೆಗಾರ ಯಾರು ಅಂತ ಕೊನೇ ಐದು ನಿಮಿಷದಲ್ಲಿ ಅವಸರಕ್ಕೆ ಹೇಳಿ ಮುಗಿಸ್ತಾರೆ. ವರದಿಗಾರ ಎರಡು ಜೋಕು ಹೊಡೀತಾನೆ, ಹುಡುಗಿ ಒಲಿದೇ ಬಿಡ್ತಾಳೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಹಳೇರೀಲು
ಕಥೆಯಲ್ಲಿ ತಲೆಬುಡ ಇಲ್ಲ ಅನ್ನುವುದನ್ನು ಒಪ್ಪುತ್ತೇನೆ. ಕಥೆ ಹೊಸದೂ ಅಲ್ಲ. ವಾರ್ನರ್‌ನಲ್ಲಿ ‘ಹಾಯ್, ನೆಲ್ಲಿ!’ ಅಂತ ಒಂದು 1934ರಲ್ಲಿ ಬಂತು. ಮುನಿಸಿಕೊಂಡ ಮಾಲೀಕರು ಸಂಪಾದಕನನ್ನು ಕೆಳಗಿಳಿಸಿ, ಪ್ರೇಮಿಗಳ ಪತ್ರಕ್ಕೆ ಉತ್ತರ ಬರೆಯುವ ಅಂಕಣಕ್ಕೆ ಹಾಕುತ್ತಾರೆ. ಅಲ್ಲಿಂದಲೇ ಅವನು ಪುಂಡರ ಜಾಲ ಬಯಲಿಗೆಳೆಯುತ್ತಾನೆ. ಇದನ್ನೇ 1937ರಲ್ಲಿ ರೇಡಿಯೋಗೆ ಹೊಂದಿಸಿ ‘ಲವ್ ಈಸ್ ಆನ್ ದಿ ಏರ್’ ಮಾಡಿದರು. ಅದರ ನಾಯಕ ಹೊಸ ಹುಡುಗ, ಅದೇ ಅವನ ಮೊದಲ ಸಿನಿಮಾ. ಹೆಸರು ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷರಾದವರು. 1942ರಲ್ಲಿ ಮತ್ತೆ ಮಾಡಿದರು, 1949ರಲ್ಲಿ ಇನ್ನೊಮ್ಮೆ. ಒಂದೇ ಹಿಟ್ಟಿನಲ್ಲಿ ನಾಲ್ಕು ದೋಸೆ. ನಿಮ್ಮ ಊರಿನವರಿಗೆ ಹೇಳಬೇಕಾ!

ಇವುಗಳಲ್ಲಿ ನಾನು ನೋಡುವುದು ಕಥೆಯನ್ನಲ್ಲ, ಮಾತಿನ ಓಟವನ್ನು. ಫಾರೆಲ್ ಒಂದೇ ಉಸಿರಿನಲ್ಲಿ ಅರ್ಧ ಪುಟ ಒಪ್ಪಿಸಿ, ಕೊನೆಯಲ್ಲಿ ಹುಬ್ಬು ಹಾರಿಸುತ್ತಾರೆ. ಎದುರಿಗಿದ್ದವನು ಇನ್ನೂ ಮೊದಲ ವಾಕ್ಯದಲ್ಲೇ ಇರುತ್ತಾನೆ.

ಡೆಸ್ಕ್_ನಿವೃತ್ತ
ಮೂವತ್ತು ವರ್ಷ ಒಂದು ಕನ್ನಡ ದಿನಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು. ಆದ್ದರಿಂದ ಮೂಗು ತೂರಿಸುತ್ತೇನೆ.

ಈ ಸಿನಿಮಾಗಳಲ್ಲಿ ವರದಿಗಾರ ಫೋನ್ ಎತ್ತಿದ ತಕ್ಷಣ ರೀರೈಟ್‌ನವನನ್ನು ಕೊಡಿ ಅಂತ ಕೂಗುವುದನ್ನು ನೋಡಿರಬಹುದು. ಅದು ಸಿನಿಮಾದವರ ಕಲ್ಪನೆ ಅಲ್ಲ. ಆಗ ಅಮೆರಿಕದ ದೊಡ್ಡ ಊರಿನ ಪತ್ರಿಕೆಗಳಲ್ಲಿ ಓಡಾಡುವವನೇ ಬೇರೆ, ಬರೆಯುವವನೇ ಬೇರೆ. ಓಡಾಡುವವನು ಬೀದಿಯಿಂದ ಫೋನಿನಲ್ಲಿ ಹೇಳುತ್ತಿದ್ದ, ಕಚೇರಿಯಲ್ಲಿ ಕೂತವನು ಕಿವಿಗೆ ರಿಸೀವರ್ ಒತ್ತಿಕೊಂಡು ಟೈಪ್ ಮಾಡುತ್ತಿದ್ದ. ದಿನಕ್ಕೆ ಹಲವು ಆವೃತ್ತಿ, ಒಂದೇ ಊರಿನಲ್ಲಿ ಹಲವು ಪತ್ರಿಕೆ. ಹತ್ತು ನಿಮಿಷ ತಡವಾದರೆ ಪಕ್ಕದವನು ಹೊಡೆದುಕೊಂಡು ಹೋದ. ಹಾಗಾಗಿ ಕೊಲೆಯಾದ ಜಾಗದಲ್ಲಿ ಎಲ್ಲರೂ ಫೋನಿಗೆ ಓಡುವುದು ನಿಜವೇ.

ನಮ್ಮಲ್ಲಿ 80ರ ದಶಕದಲ್ಲಿ ತಾಲೂಕಿನ ವರದಿಗಾರ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ. ಇಲ್ಲದಿದ್ದರೆ ಸಂಜೆ ಬಸ್ಸಿನ ಕಂಡಕ್ಟರ್ ಕೈಲಿ ಕವರ್ ಕಳಿಸುತ್ತಿದ್ದ. ಬಸ್ಸು ಕೆಟ್ಟರೆ ಸುದ್ದಿಯೂ ಕೆಟ್ಟಿತು. ನಾವು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ಕವರಿಗೆ ಕಾಯುವುದನ್ನು ಸಿನಿಮಾ ಮಾಡಿದ್ದರೆ 59 ನಿಮಿಷಕ್ಕೆ ಮುಗಿಯುತ್ತಿರಲಿಲ್ಲ, ಬಿಡಿ.

ಇನ್ನು ಟೋಪಿಗೆ ‘ಪ್ರೆಸ್’ ಅಂತ ಚೀಟಿ ಸಿಕ್ಕಿಸಿಕೊಳ್ಳುವುದು. ಗುಟ್ಟಾಗಿ ಸುದ್ದಿ ತೆಗೆಯಬೇಕಾದವನು ಹಣೆ ಮೇಲೆ ಬೋರ್ಡು ಹಾಕಿಕೊಂಡು ಓಡಾಡುತ್ತಾನಾ?

ಹಳೇರೀಲು
ಸರ್, ನೀವು ಬಂದದ್ದು ಒಳ್ಳೆಯದಾಯಿತು. ಈ ಮಾತಿನ ಶೈಲಿಯೂ ಪತ್ರಿಕೆಯವರಿಂದಲೇ ಬಂದದ್ದು. ಬೆನ್ ಹೆಕ್ಟ್, ಚಾರ್ಲ್ಸ್ ಮ್ಯಾಕಾರ್ಥರ್ ಇಬ್ಬರೂ ಚಿಕಾಗೋದಲ್ಲಿ ವರದಿಗಾರರಾಗಿದ್ದವರು. 1928ರಲ್ಲಿ ನ್ಯೂಯಾರ್ಕಿನ ನಾಟಕ ಕೇರಿ ಬ್ರಾಡ್‌ವೇಗೆ ‘ದಿ ಫ್ರಂಟ್ ಪೇಜ್’ ನಾಟಕ ಬರೆದರು. ಜೈಲಿನ ಪಕ್ಕದ ಪತ್ರಕರ್ತರ ಕೋಣೆ, ಇಸ್ಪೀಟು, ಬೈಗುಳ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಮೂಕಿ ಹೋಗಿ ಟಾಕಿ ಬಂದ ಹೊತ್ತು ಅದು. ಹಾಲಿವುಡ್‌ಗೆ ಮಾತು ಬರೆಯುವವರು ತುರ್ತಾಗಿ ಬೇಕಾಗಿದ್ದರು. ನ್ಯೂಯಾರ್ಕ್, ಚಿಕಾಗೋದ ಪತ್ರಕರ್ತರು ಸಾಲುಗಟ್ಟಿ ರೈಲು ಹತ್ತಿದರು. ಇಲ್ಲಿ ಲಕ್ಷಗಟ್ಟಲೆ ಬಾಚಿಕೊಳ್ಳಬಹುದು, ಪೈಪೋಟಿಗೆ ಇರುವವರು ಬರೀ ದಡ್ಡರು ಅಂತ ಮೊದಲೇ ಅಲ್ಲಿಗೆ ಹೋಗಿದ್ದ ಬರಹಗಾರ ಹರ್ಮನ್ ಮ್ಯಾಂಕೀವಿಚ್ ಹೆಕ್ಟ್‌ಗೆ ತಂತಿ ಕಳಿಸಿದ್ದು ಪ್ರಸಿದ್ಧ ಕಥೆ. ಅಲ್ಲಿಗೆ ಹೋಗಿ ಅವರು ತಮಗೆ ಗೊತ್ತಿದ್ದವರ ಬಗ್ಗೆಯೇ ಬರೆದರು.

ಆ ನಾಟಕದ ವರದಿಗಾರನ ಪಾತ್ರವನ್ನು ಬ್ರಾಡ್‌ವೇಯಲ್ಲಿ ಮೊದಲು ಮಾಡಿದವರು ಲೀ ಟ್ರೇಸಿ. ಆಮೇಲೆ ಸಿನಿಮಾದಲ್ಲೂ ಅವರಿಗೆ ಅದೇ ಕೆಲಸ ಆಯಿತು.

ಮಧ್ಯರಾತ್ರಿ_ಗೂಬೆ
ಲೀ ಟ್ರೇಸಿ ಹೆಸರು ಬಂತು, ಇನ್ನು ನಾನು ಸುಮ್ನೆ ಕೂರಲಾರೆ.

‘ಡಾಕ್ಟರ್ ಎಕ್ಸ್’, 1932. ಭಯಾನಕ ಸಿನಿಮಾ. ನಿರ್ದೇಶಕ ಮೈಕೆಲ್ ಕರ್ಟಿಜ್. ಟ್ರೇಸಿ ಇದರಲ್ಲಿ ವರದಿಗಾರ. ಸುದ್ದಿಗೋಸ್ಕರ ಶವಾಗಾರದಲ್ಲಿ ಹೆಣದ ಹಾಗೆ ಬಟ್ಟೆ ಹೊದ್ದು ಮಲಗುತ್ತಾನೆ. ಕೈ ಕುಲುಕಿದರೆ ಜುಂ ಅನ್ನುವ ಆಟಿಕೆ ಒಂದು ಅವನ ಅಂಗೈಯಲ್ಲಿ ಯಾವಾಗಲೂ ಇರುತ್ತದೆ. ಕೊಲೆಗಾರ ಮಾಂಸ ತಯಾರಿಸಿ ಮೈಗೆ ಮೆತ್ತಿಕೊಳ್ಳುವ ದೃಶ್ಯ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಅದರ ಪಕ್ಕದಲ್ಲೇ ಈ ಕೋಡಂಗಿ. ಮೊದಲ ಸಲ ನೋಡಿದಾಗ ಇವನನ್ನು ಯಾರಾದರೂ ಬೇಗ ಕೊಲ್ಲಬಾರದಾ ಅನ್ನಿಸಿತ್ತು. ಎರಡನೇ ಸಲ ಅರ್ಥವಾಯಿತು. ಅವನು ನಗಿಸದಿದ್ದರೆ ಜನ ಎದ್ದು ಹೋಗುತ್ತಿದ್ದರು.

ಮರುವರ್ಷ ಅದೇ ಕರ್ಟಿಜ್ ‘ಮಿಸ್ಟರಿ ಆಫ್ ದಿ ವ್ಯಾಕ್ಸ್ ಮ್ಯೂಸಿಯಂ’ ಮಾಡಿದರು. ಅಜ್ಜಿ, ಇದನ್ನು ನೀವು ನೋಡಲೇಬೇಕು. ಗ್ಲೆಂಡಾ ಫಾರೆಲ್ ಇದರಲ್ಲೂ ವರದಿಗಾರ್ತಿ, ಟಾರ್ಚಿಗಿಂತ ನಾಲ್ಕು ವರ್ಷ ಮೊದಲು. ಕೆಲಸ ಹೋಗುವ ಹಾಗಿದೆ, ಹೊಸ ವರ್ಷದ ದಿನ ಸುದ್ದಿ ಬೇಕು. ಮೇಣದ ಗೊಂಬೆಗಳ ಒಳಗೆ ಏನಿದೆ ಅಂತ ಮೊದಲು ಅನುಮಾನ ಬರುವುದು ಅವಳಿಗೆ. ಡ್ಯೂಟಿ ಮೇಲೆ ಪತ್ರಿಕೆ ಓದುತ್ತಾ ಕೂತ ಪೊಲೀಸಿಗೆ ಅವಳು ಕೇಳುವ ಒಂದು ಪ್ರಶ್ನೆಯನ್ನು ಇಲ್ಲಿ ಬರೆದರೆ ನನ್ನ ಖಾತೆ ಬಂದ್ ಆಗುತ್ತದೆ. 1934ರ ಜುಲೈನಿಂದ ಹಾಲಿವುಡ್‌ನಲ್ಲಿ ಪರದೆ ಮೇಲೆ ಏನು ತೋರಿಸಬಹುದು, ಏನು ಆಡಬಹುದು ಅನ್ನುವ ನೀತಿ ಸಂಹಿತೆ ಬಿಗಿಯಾಯಿತು. ಆಮೇಲೆ ಅಂಥ ಪ್ರಶ್ನೆ ಕೇಳಲು ಆಗಲಿಲ್ಲ. ಟಾರ್ಚಿ ಅದೇ ಹೆಣ್ಣು, ಬಾಯಿ ತೊಳೆಸಿಕೊಂಡು ಬಂದವಳು.

ಇವೆರಡೂ ಅಷ್ಟೇನೂ ಅಗ್ಗದ ಸಿನಿಮಾ ಅಲ್ಲ, ನಿಜ. ಆಗಿನ ಎರಡು ಬಣ್ಣದ ಟೆಕ್ನಿಕಲರ್‌ನಲ್ಲಿ ತೆಗೆದವು. ‘ವ್ಯಾಕ್ಸ್ ಮ್ಯೂಸಿಯಂ’ ಪ್ರಿಂಟು ಬಹಳ ವರ್ಷ ಸಿಗಲಿಲ್ಲ, ಕಳೆದೇಹೋಯಿತು ಅಂದುಕೊಂಡಿದ್ದರು. ಕೊನೆಗೆ ವಾರ್ನರ್ ಕಂಪನಿಯ ಯಜಮಾನ ಜ್ಯಾಕ್ ವಾರ್ನರ್ ಅವರ ಸ್ವಂತ ಸಂಗ್ರಹದಲ್ಲೇ ಇತ್ತು. 1953ರಲ್ಲಿ ಇದನ್ನೇ ‘ಹೌಸ್ ಆಫ್ ವ್ಯಾಕ್ಸ್’ ಅಂತ ಮತ್ತೆ ಮಾಡಿದಾಗ ವರದಿಗಾರ್ತಿಯನ್ನು ಕಿತ್ತು ಹಾಕಿದರು. ಮೇಣ ಉಳಿಯಿತು, ಉಪ್ಪು ಹೋಯಿತು.

ಬೆಣ್ಣೆದೋಸೆ
ದೊಡ್ಡ ಕಂಪನಿ ಬಿಡ್ರಿ. ನಾನು ಹೇಳಿದ್ದು ನಿಜವಾದ ಅಗ್ಗದವು. ‘ದಿ ಡೆವಿಲ್ ಬ್ಯಾಟ್’ ನೋಡಿ. ಬೇಲಾ ಲುಗೋಸಿ ಅನ್ನೋ ನಟ ಇದರಲ್ಲಿ ಒಂದು ಬಾವಲಿಗೆ ಕರೆಂಟ್ ಕೊಟ್ಟು ದೊಡ್ಡದು ಮಾಡ್ತಾನೆ. ಅದು ಶೇವಿಂಗ್ ಲೋಷನ್ ವಾಸನೆ ಹಿಡ್ಕೊಂಡು ಬಂದು ಕತ್ತು ಕಚ್ಚುತ್ತೆ. ಆ ಬಾವಲಿ ದಾರಕ್ಕೆ ಕಟ್ಟಿದ ಹರಕು ಛತ್ರಿ ಥರ ಇದೆ. ಇದಕ್ಕೂ ಸಮರ್ಥನೆ ಇದೆಯಾ ಸರ?

ಮಧ್ಯರಾತ್ರಿ_ಗೂಬೆ
ಇದೆ! 1940ರ ಸಿನಿಮಾ. ಮಾಡಿದ ಕಂಪನಿ ಪಿಆರ್‌ಸಿ. ಹಾಲಿವುಡ್‌ನ ಗೋವರ್ ಸ್ಟ್ರೀಟ್ ಸುತ್ತಮುತ್ತ ಇಂಥ ಚಿಲ್ಲರೆ ಕಂಪನಿಗಳು ಸೇರಿಕೊಂಡಿದ್ದವು, ಜನ ಪಾವರ್ಟಿ ರೋ ಅನ್ನುತ್ತಿದ್ದರು. ಬಡವರ ಸಾಲು ಅಂತ. ಮೊನೊಗ್ರಾಮ್ ಕೂಡ ಅದೇ ಸಾಲಿನದು.

ಆದರೆ ಬಾವಲಿ ಬಿಟ್ಟು ವರದಿಗಾರನನ್ನು ನೋಡಿ. ಅವನು, ಜೊತೆಗೊಬ್ಬ ಫೋಟೋಗ್ರಾಫರ್. ಆ ಫೋಟೋಗ್ರಾಫರನ ಅಡ್ಡಹೆಸರು ‘ಒನ್ ಶಾಟ್’. ಬಾವಲಿಯ ಫೋಟೋ ಸಿಗದಿದ್ದಾಗ ಇಬ್ಬರೂ ಸೇರಿ ಸುಳ್ಳು ಬಾವಲಿ ಮಾಡಿ ಫೋಟೋ ತೆಗೆದು ಪತ್ರಿಕೆಗೆ ಕಳಿಸುತ್ತಾರೆ. ಸಿಕ್ಕಿಬಿದ್ದು ಕೆಲಸ ಕಳೆದುಕೊಳ್ಳುತ್ತಾರೆ. ಸುಳ್ಳು ಬಾವಲಿಯ ಸಿನಿಮಾದೊಳಗೆ ಸುಳ್ಳು ಬಾವಲಿಯ ಹಗರಣ. ಆ ಕಂಪನಿಗೆ ಇದು ಎಷ್ಟು ಹಿಡಿಸಿತು ಅಂದರೆ 1946ರಲ್ಲಿ ಬಾವಲಿ ತೆಗೆದು ಹಾರುವ ಹಾವು ಹಾಕಿ ಹೆಚ್ಚುಕಮ್ಮಿ ಅದೇ ಕಥೆಯನ್ನು ಮತ್ತೆ ತೆಗೆದರು.

ವಾಲೆಸ್ ಫೋರ್ಡ್ ಅಂತ ಒಬ್ಬ ನಟ ಇದ್ದರು. ಲುಗೋಸಿ ಎದುರು ಮೂರು ಸಲ ತಲೆಹರಟೆ ವರದಿಗಾರ: 1933ರಲ್ಲಿ ‘ನೈಟ್ ಆಫ್ ಟೆರರ್’, 1934ರಲ್ಲಿ ‘ದಿ ಮಿಸ್ಟೀರಿಯಸ್ ಮಿಸ್ಟರ್ ವಾಂಗ್’, 1943ರಲ್ಲಿ ‘ದಿ ಏಪ್ ಮ್ಯಾನ್’. ಆ ಮನುಷ್ಯನ ಬದುಕೇ ಒಂದು ಕಥೆ. ಇಂಗ್ಲೆಂಡಿನಲ್ಲಿ ಹುಟ್ಟಿ, ಅನಾಥಾಲಯದಲ್ಲಿ ಬೆಳೆದು, ಕೆನಡಾಕ್ಕೆ ಸಾಗಿಸಲ್ಪಟ್ಟ ಹುಡುಗ. ಮನೆ ಬಿಟ್ಟು ರೈಲಿನಲ್ಲಿ ಅಲೆಯುವಾಗ ಜೊತೆಗಿದ್ದ ಗೆಳೆಯ ರೈಲಿಗೆ ಸಿಕ್ಕಿ ಸತ್ತ. ಅವನ ಹೆಸರನ್ನೇ ಇವರು ಇಟ್ಟುಕೊಂಡರು. ಪರದೆ ಮೇಲೆ ಇಷ್ಟು ಹಗುರವಾಗಿ ನಗಿಸುವವರ ಹೆಸರೇ ಸತ್ತವನದ್ದು.

‘ಏಪ್ ಮ್ಯಾನ್’ನಲ್ಲಿ ಇಡೀ ಸಿನಿಮಾ ಕಿಟಕಿ ಹತ್ತಿರ ಒಬ್ಬ ವಿಚಿತ್ರ ಮನುಷ್ಯ ಇಣುಕುತ್ತಾ ಇರುತ್ತಾನೆ. ಕೊನೆಗೆ ನೀನು ಯಾರಪ್ಪ ಅಂತ ಕೇಳಿದರೆ, ಈ ಕಥೆ ಬರೆದವನು ನಾನೇ, ಹುಚ್ಚು ಐಡಿಯಾ ಅಲ್ವಾ ಅಂತಾನೆ. ಬೆಣ್ಣೆದೋಸೆ, ನಿಮ್ಮ ದೂರಿಗೆ ಅವರೇ 1943ರಲ್ಲಿ ಸಹಿ ಹಾಕಿ ಕೊಟ್ಟಿದ್ದಾರೆ.

ಬೆಣ್ಣೆದೋಸೆ
ಇದು ಮಾತ್ರ ಚೊಲೋ ಇದೆ. ಇವತ್ತು ರಾತ್ರಿ ನೋಡ್ತೀನಿ.

ತುಂಗಾತೀರ
ಎಲ್ಲರೂ ನಗುತ್ತಿರುವಾಗ ಹುಳಿ ಹಿಂಡುವುದು ಬೇಡ ಅಂದುಕೊಂಡಿದ್ದೆ ಮಾರಾಯ್ರೆ. ಆದರೂ ಹೇಳಿಬಿಡುತ್ತೇನೆ.

‘ಮಿಸ್ಟೀರಿಯಸ್ ಮಿಸ್ಟರ್ ವಾಂಗ್’ ಹೆಸರು ಬಂತಲ್ಲ, ಅದನ್ನು ನಾನು ಪೂರ್ತಿ ನೋಡಲಾರದೆ ಅರ್ಧಕ್ಕೆ ಬಿಟ್ಟೆ. ಹಂಗೇರಿಯ ಲುಗೋಸಿಗೆ ಮೀಸೆ ಅಂಟಿಸಿ ಚೀನಾದವನನ್ನಾಗಿ ಮಾಡಿದ್ದಾರೆ. ಅದಕ್ಕಿಂತ ಬೇಸರದ್ದು ವರದಿಗಾರನ ಜೋಕು. ಸತ್ತವರು ಚೈನಾಟೌನಿನವರು ಅನ್ನುವುದೇ ಅವನಿಗೆ ನಗು. ತಲೆಹರಟೆ ಚೆಂದ ಕಾಣುವುದು ಮೇಲಿನವರ ಮೇಲೆ ಆಡಿದಾಗ. ಪೊಲೀಸ್ ಕಮಿಷನರ್, ಕೋಟ್ಯಧೀಶ, ಸ್ವಂತ ಸಂಪಾದಕ ಇವರನ್ನು ಚುಚ್ಚಿದರೆ ನಾನೂ ಚಪ್ಪಾಳೆ ಹೊಡೆಯುತ್ತೇನೆ. ಬಟ್ಟೆ ಒಗೆಯುವ ಬಡಪಾಯಿಯನ್ನು ಚುಚ್ಚಿದರೆ ಅದು ಬರೀ ಕೊಬ್ಬು.

ಇದೇ ಹೆಸರಿನ ಇನ್ನೊಂದು ವಾಂಗ್ ಸರಣಿಯನ್ನು ಮೊನೊಗ್ರಾಮ್ 1938ರಲ್ಲಿ ಶುರು ಮಾಡಿತು. ಅದರಲ್ಲಿ ಪತ್ತೇದಾರ ಬೋರಿಸ್ ಕಾರ್ಲಾಫ್, ಇಂಗ್ಲೆಂಡಿನವರು. ಮೂರರಲ್ಲಿ ಬಾಬಿ ಲೋಗನ್ ಅನ್ನುವ ವರದಿಗಾರ್ತಿ ಇದ್ದಾಳೆ, ಮಾಡಿದವರು ಮಾರ್ಜರಿ ರೆನಾಲ್ಡ್ಸ್. ಆರನೆಯದು ‘ಫ್ಯಾಂಟಮ್ ಆಫ್ ಚೈನಾಟೌನ್’, 1940. ಅಲ್ಲಿಗೆ ಬಂದ ಮೇಲೆ ನಿಜವಾಗಿ ಚೀನಾ ಮೂಲದ ಕೀ ಲ್ಯೂಕ್‌ಗೆ ಆ ಪಾತ್ರ ಸಿಕ್ಕಿತು. ಅದರೊಂದಿಗೆ ಸರಣಿಯೇ ಮುಗಿದುಹೋಯಿತು.

ಹಳೇರೀಲು
ಒಪ್ಪಿದೆ. ನಾನು ಆ ಸಿನಿಮಾವನ್ನು ಯಾರಿಗೂ ನೋಡಿ ಅಂತ ಹೇಳುವುದಿಲ್ಲ. ‘ಟಾರ್ಚಿ ಬ್ಲೇನ್ ಇನ್ ಚೈನಾಟೌನ್’ ಕೂಡ ಸರಣಿಯಲ್ಲಿ ನನಗೆ ಹಿಡಿಸದ್ದು.

ತುಂಗಾತೀರ
ಇನ್ನೊಂದು. ಈ ಹೆಣ್ಣು ವರದಿಗಾರ್ತಿಯರ ಬಗ್ಗೆ ನನಗೆ ಎರಡು ಮನಸ್ಸು. 1942ರ ‘ದಿ ಕಾರ್ಪ್ಸ್ ವ್ಯಾನಿಷಸ್’ ನೋಡಿ. ಮದುಮಗಳು ಮಂಟಪದಲ್ಲೇ ಕುಸಿದು ಬೀಳುತ್ತಾಳೆ. ಯಾರೋ ಕಳಿಸಿದ ಆರ್ಕಿಡ್ ಹೂವಿನ ವಾಸನೆ ಕಾರಣ. ಹೆಣವೂ ಮಾಯ. ಪೊಲೀಸರಿಗೆ ತೋಚದ್ದು ಮದುವೆ ಸುದ್ದಿ ಬರೆಯುವ ಪೆಟ್ರಿಷಿಯಾ ಹಂಟರ್‌ಗೆ ತೋಚುತ್ತದೆ. ಯಾಕೆಂದರೆ ಮದುವೆ ಮನೆಗೆ ಹೋಗುವವಳು ಅವಳು. ಹೂವು ಯಾರು ಕಳಿಸಿದರು ಅಂತ ಕೇಳುವವಳೂ ಅವಳೇ. ಲೂವಾನಾ ವಾಲ್ಟರ್ಸ್ ಎಷ್ಟು ಸಲೀಸಾಗಿ ಮಾಡಿದ್ದಾರೆ! ಸಮಾಜ ಪುಟಕ್ಕೆ ಅಂತ ಮೂಲೆಗೆ ತಳ್ಳಿದವಳೇ ದೊಡ್ಡ ಸುದ್ದಿ ತರುತ್ತಾಳೆ. ಕೊನೆಗೆ ಏನು ಮಾಡುತ್ತಾರೆ? ಡಾಕ್ಟರ್ ಜೊತೆ ಮದುವೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ.

ಡೆಸ್ಕ್_ನಿವೃತ್ತ
ತಂಗಿ, ಮದುವೆ ಸುದ್ದಿ ಬರೆಯುವವರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವುದು ಸತ್ಯ. ನಮ್ಮಲ್ಲಿ ನಿಧನ ವಾರ್ತೆ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರಿಗೆ ಊರಿನ ಅರ್ಧ ಆಸ್ತಿ ಜಗಳ ಬಾಯಿಪಾಠ ಇತ್ತು. ಕ್ರೈಂ ವರದಿಗಾರರು ಅವರ ಹತ್ತಿರ ಹೋಗಿ ಕಾಫಿ ಕೊಡಿಸುತ್ತಿದ್ದರು.

ಕಾಮಿಕ್ಸ್_ಹುಚ್ಚ
ಯಾರೂ ಇನ್ನೂ ಹೇಳಲಿಲ್ಲವಾ? ಸೂಪರ್‌ಮ್ಯಾನ್‌ನ ಕಥೆಯ ವರದಿಗಾರ್ತಿ ಲೋಯಿಸ್ ಲೇನ್ ಹುಟ್ಟಿದ್ದು ಟಾರ್ಚಿಯಿಂದ! ಸೂಪರ್‌ಮ್ಯಾನ್ ಸೃಷ್ಟಿಸಿದ ಇಬ್ಬರಲ್ಲಿ ಜೆರ್ರಿ ಸೀಗಲ್ ಒಬ್ಬರು. 1988ರಲ್ಲಿ ‘ಟೈಮ್’ ಪತ್ರಿಕೆಗೆ ಬರೆದ ಪತ್ರದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಸ್ವಭಾವ ಗ್ಲೆಂಡಾ ಫಾರೆಲ್ ಮಾಡಿದ ಟಾರ್ಚಿಯದು, ಹೆಸರಿನ ಲೇನ್ ಬಂದದ್ದು ಲೋಲಾ ಲೇನ್ ಅವರಿಂದ. ಸೂಪರ್‌ಮ್ಯಾನ್ ಮೊದಲು ಅಚ್ಚಾದದ್ದು 1938ರಲ್ಲಿ, ಟಾರ್ಚಿ ಸಿನಿಮಾಗಳು ಓಡುತ್ತಿದ್ದ ಕಾಲದಲ್ಲೇ.

ಬಾಡಿಗೆ ಲೆಕ್ಕದ ಸಿನಿಮಾ ಅಂದಿರಲ್ಲ, ಅದರಿಂದ ಬಂದವಳು ಇವತ್ತಿಗೂ ಬದುಕಿದ್ದಾಳೆ ನೋಡಿ.

ತುಂಗಾತೀರ
ಇದು ಗೊತ್ತಿರಲಿಲ್ಲ! ಹಾಗಾದರೆ ಟಾರ್ಚಿ ಯಾರಿಂದ ಹುಟ್ಟಿದಳು?

ಹಳೇರೀಲು
ಒಬ್ಬ ಕುಡುಕನಿಂದ. ತಮಾಷೆ ಅಲ್ಲ.

ಫ್ರೆಡರಿಕ್ ನೆಬೆಲ್ ಅನ್ನುವವರು ‘ಬ್ಲ್ಯಾಕ್ ಮಾಸ್ಕ್’ ಅನ್ನುವ ಅಗ್ಗದ ಪತ್ರಿಕೆಗೆ 1928ರಿಂದ ಕಥೆ ಬರೆಯುತ್ತಿದ್ದರು. ಪೊಲೀಸ್ ಕ್ಯಾಪ್ಟನ್ ಮ್ಯಾಕ್‌ಬ್ರೈಡ್, ಅವನ ಜೊತೆ ಕೆನಡಿ ಅನ್ನುವ ಸದಾ ಕುಡಿದಿರುವ ವರದಿಗಾರ. ವಾರ್ನರ್‌ನವರು ಹಕ್ಕು ಕೊಂಡು ಕುಡುಕ ಕೆನಡಿಯನ್ನು ಟಾರ್ಚಿ ಮಾಡಿದರು. ಕಾರಣ ಸುಲಭ. ಸಂಹಿತೆ ಬಂದ ಮೇಲೆ ಕುಡಿತ ಹೆಚ್ಚು ತೋರಿಸುವ ಹಾಗಿಲ್ಲ, ಜೊತೆಗೆ ಪ್ರೇಮ ಬೇಕು. ಒಂದೇ ಏಟಿಗೆ ಎರಡೂ ಆಯಿತು. ಈ ಕಾರಣ ನನ್ನ ಊಹೆ, ಯಾರೂ ಬರೆದಿಟ್ಟಿಲ್ಲ. ‘ಫ್ರಂಟ್ ಪೇಜ್’ ನಾಟಕದ ಗಂಡು ವರದಿಗಾರನನ್ನು ಹೆಣ್ಣು ಮಾಡಿ ಹೋವರ್ಡ್ ಹಾಕ್ಸ್ 1940ರಲ್ಲಿ ‘ಹಿಸ್ ಗರ್ಲ್ ಫ್ರೈಡೇ’ ತೆಗೆದರು, ಎಲ್ಲರೂ ಹೊಗಳುತ್ತಾರೆ. ಬಿ ಸಿನಿಮಾದವರು ಆ ಕೆಲಸ ಮೂರು ವರ್ಷ ಮೊದಲೇ ಮಾಡಿದ್ದರು.

ಫಾರೆಲ್ ಅವರಿಗೂ ಇದು ಸುಮ್ನೆ ಬಂದ ಪಾತ್ರ ಆಗಿರಲಿಲ್ಲ. ಸಿನಿಮಾದಲ್ಲಿ ಪತ್ರಿಕೆ ಹೆಂಗಸರನ್ನು ಉತ್ಪ್ರೇಕ್ಷೆ ಮಾಡಿ ತೋರಿಸುತ್ತಾರೆ ಅನ್ನುವ ಅಸಮಾಧಾನ ಅವರಿಗಿತ್ತು. ನಿಜವಾದ ವರದಿಗಾರ್ತಿಯರನ್ನು ಭೇಟಿ ಮಾಡಿ, ಕೆಲಸ ಮಾಡುವುದನ್ನು ನೋಡಿ ಬಂದರಂತೆ. ಎರಡನೆಯ ಸಿನಿಮಾ ‘ಫ್ಲೈ ಅವೇ ಬೇಬಿ’ಗೆ ಕಥೆಯ ಎಳೆ ಕೊಟ್ಟವರೇ ಒಬ್ಬ ವರದಿಗಾರ್ತಿ, ಡೊರೊಥಿ ಕಿಲ್ಗ್ಯಾಲನ್. 1936ರಲ್ಲಿ ನ್ಯೂಯಾರ್ಕಿನ ಮೂರು ಪತ್ರಿಕೆಯವರು ವಿಮಾನದಲ್ಲಿ ಲೋಕ ಸುತ್ತುವ ಪಂದ್ಯ ಕಟ್ಟಿದ್ದರು. ಉಳಿದ ಇಬ್ಬರು ಗಂಡಸರು. ಕಿಲ್ಗ್ಯಾಲನ್ ಎರಡನೆಯವರಾಗಿ ಬಂದರು. ಅದೇ ಸಿನಿಮಾ ಆಯಿತು.

ತುಂಗಾತೀರ
ಕುಡುಕನನ್ನು ತೆಗೆದು ಹೆಂಗಸನ್ನು ತಂದರು, ಕೆಲಸ ಸರಿಯಾಯಿತು. ಎಷ್ಟೋ ಕಚೇರಿಗಳಿಗೆ ಈ ಉಪಾಯ ಬೇಕು.

ಬಾಣಂತನದಜ್ಜಿ
ನಾಲ್ಕು ದಿನ ಬರಲು ಆಗಲಿಲ್ಲ, ಮಗುವಿಗೆ ಶೀತ. ಇಷ್ಟೊಂದು ಬರೆದಿದ್ದೀರಿ! ಎಲ್ಲ ಓದಿದೆ.

ನಾನು ಹೈಸ್ಕೂಲಿನಲ್ಲಿ ಇದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಓದುತ್ತಿದ್ದೆ. ಪತ್ತೇದಾರ ಪುರುಷೋತ್ತಮ ಅಂದರೆ ಪ್ರಾಣ. ಲೈಬ್ರರಿಯಿಂದ ಅಣ್ಣ ತರುತ್ತಿದ್ದ. ಭೂಗೋಳದ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆ. ಒಂದು ಸಲ ಅಪ್ಪ ಹಿಡಿದರು. ಬೈಯ್ಯಲಿಲ್ಲ, ಪುಸ್ತಕ ಕಿತ್ತುಕೊಂಡು ಹೋಗಿ ಅವರೇ ಓದಿ ಮುಗಿಸಿದರು. ಆ ಪುಸ್ತಕಗಳದ್ದೂ ಇದೇ ಲೆಕ್ಕ ಅಲ್ವಾ? ಅಗ್ಗದ ಕಾಗದ, ಒಂದೇ ಕೂತಿಗೆ ಮುಗಿಯುವ ಕಥೆ. ದೊಡ್ಡ ಸಾಹಿತಿಗಳು ಮೂಗು ಮುರಿಯುತ್ತಿದ್ದರು. ಓದುವ ಚಟ ಹತ್ತಿಸಿದ್ದು ಮಾತ್ರ ಅವೇ.

ಡೆಸ್ಕ್_ನಿವೃತ್ತ
ಮೇಡಂ, ನಾನು ಪತ್ರಿಕೆಗೆ ಸೇರಿದ್ದೇ ಪುರುಷೋತ್ತಮನ ದೆಸೆಯಿಂದ. ಸೇರಿದ ಮೇಲೆ ಗೊತ್ತಾಯಿತು, ಡೆಸ್ಕಿನಲ್ಲಿ ಪತ್ತೆ ಮಾಡಬೇಕಾದದ್ದು ಒತ್ತಕ್ಷರದ ತಪ್ಪುಗಳನ್ನು.

ಒಂದು ಮಾತು ಟ‍ಾರ್ಚಿ ಬಗ್ಗೆ. ಸಿನಿಮಾದವರು ಮಾಡುವುದನ್ನೆಲ್ಲ ನಿಜದ ವರದಿಗಾರ ಮಾಡಿದರೆ ಜೈಲು. ಸಾಕ್ಷ್ಯ ಜೇಬಿಗೆ ಹಾಕಿಕೊಳ್ಳುವುದು, ಪೊಲೀಸ್ ಹುಡುಗನಿಂದ ಗುಟ್ಟು ಹೊರಡಿಸುವುದು. ಹಳೇರೀಲು ಅವರೇ, ಅವಳಿಗೆ ಒಂದು ಸಲವೂ ಶಿಕ್ಷೆ ಆಗುವುದಿಲ್ಲವಾ?

ಹಳೇರೀಲು
ಆಗುತ್ತದೆ ಸರ್! 1938ರ ‘ಬ್ಲಾಂಡ್ಸ್ ಅಟ್ ವರ್ಕ್’. ಮೇಲಿನವರು ಗದರಿದ್ದಕ್ಕೆ ಸ್ಟೀವ್ ಇನ್ನು ಮೇಲೆ ಅವಳಿಗೆ ಏನೂ ಹೇಳುವುದಿಲ್ಲ ಅಂತ ಪಣ ತೊಡುತ್ತಾನೆ. ಆದರೂ ಬೆಳಗಾದರೆ ಎಲ್ಲ ಪತ್ರಿಕೆಯಲ್ಲಿ. ಹೇಗೆ? ನಮ್ಮ ದಡ್ಡ ಗಹಗನ್ ದಿನಚರಿ ಬರೆಯುತ್ತಾನೆ, ಇವಳು ಕದ್ದು ಓದುತ್ತಾಳೆ. ಕೊನೆಗೆ ನ್ಯಾಯಾಲಯ ನಿಂದನೆಗೆ ಒಳಗೆ ಹಾಕುತ್ತಾರೆ.

ಅದಕ್ಕಿಂತ ಹಿಂದಿನ ‘ದಿ ಅಡ್ವೆಂಚರಸ್ ಬ್ಲಾಂಡ್’ ಇನ್ನೂ ಮಜಾ. ಎದುರಾಳಿ ಪತ್ರಿಕೆಯವರು ಇವಳ ಮೂಗು ಮುರಿಯಲು ಸುಳ್ಳು ಕೊಲೆಯ ನಾಟಕ ಕಟ್ಟುತ್ತಾರೆ. ಹೆಣವಾಗಿ ಮಲಗಲು ಒಬ್ಬ ನಟನನ್ನು ಗೊತ್ತು ಮಾಡುತ್ತಾರೆ. ಅವನು ನಿಜವಾಗಿ ಸತ್ತಿರುತ್ತಾನೆ. ಅವತ್ತು ಟಾರ್ಚಿ ಮತ್ತು ಸ್ಟೀವ್ ಮದುವೆ ಆಗಬೇಕಿತ್ತು. ಎಂದಿನಂತೆ ಮುಂದಕ್ಕೆ ಹೋಯಿತು.

ಕಾಮಿಕ್ಸ್_ಹುಚ್ಚ
ಸರಣಿ ನಿಂತದ್ದು ಯಾಕೆ?

ಹಳೇರೀಲು
ಫಾರೆಲ್ ವಾರ್ನರ್ ಬಿಟ್ಟರು. ವೈಮನ್ ಚೆನ್ನಾಗಿಯೇ ಮಾಡಿದರು, ಆದರೆ ಜನಕ್ಕೆ ಟಾರ್ಚಿ ಅಂದರೆ ಫಾರೆಲ್. ಒಟ್ಟು ಬಿ ಸಿನಿಮಾ ಸಾಯಲು ಇನ್ನೂ ಹತ್ತು ವರ್ಷ ಇತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಕಂಪನಿಗಳಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಸಿನಿಮಾಗಳನ್ನು ಗಂಟು ಕಟ್ಟಿ ಥಿಯೇಟರ್ ತಲೆಗೆ ಕಟ್ಟುವ ಹಾಗಿಲ್ಲ, ಥಿಯೇಟರ್ ಸರಣಿಯನ್ನೂ ಕೈಬಿಡಬೇಕು. ಹಿಂದೆಯೇ ಟೀವಿ ಬಂತು. ಒಂದು ಗಂಟೆಯ ಪತ್ತೇದಾರಿ ಮನೆಯಲ್ಲೇ ಬಿಟ್ಟಿ ಸಿಗುವಾಗ ಯಾರು ಹೊರಗೆ ಹೋಗುತ್ತಾರೆ?

ಮಧ್ಯರಾತ್ರಿ_ಗೂಬೆ
ಆದರೆ ಆ ವರದಿಗಾರ ಟೀವಿಯಲ್ಲೇ ಒಂದು ಸಲ ಎದ್ದು ಬಂದ. 1972ರ ‘ದಿ ನೈಟ್ ಸ್ಟಾಕರ್’. ಡ್ಯಾರೆನ್ ಮೆಕ್‌ಗ್ಯಾವಿನ್ ಮಾಡಿದ ಕೋಲ್ಚಾಕ್. ಮುದುಡಿದ ಸೂಟು, ಹುಲ್ಲಿನ ಟೋಪಿ, ಸಂಪಾದಕನ ಜೊತೆ ಕೂಗಾಟ, ಲಾಸ್ ವೇಗಸ್‌ನಲ್ಲಿ ರಕ್ತಪಿಶಾಚಿ. ಯಾರೂ ಅವನ ಸುದ್ದಿ ಅಚ್ಚು ಹಾಕುವುದಿಲ್ಲ. 1932ರ ಲೀ ಟ್ರೇಸಿಗೆ ಸುದ್ದಿಯೂ ಸಿಕ್ಕಿತು ಹುಡುಗಿಯೂ ಸಿಕ್ಕಿದಳು. ಕೋಲ್ಚಾಕ್‌ಗೆ ಎರಡೂ ಇಲ್ಲ, ಬಾಯಿ ಮಾತ್ರ ಉಳಿದಿದೆ.

ಬೆಣ್ಣೆದೋಸೆ
‘ಏಪ್ ಮ್ಯಾನ್’ ನೋಡಿದೆ. ಸಿನಿಮಾ ದರಿದ್ರ. ಕಿಟಕಿ ಮನುಷ್ಯ ಬಂದಾಗ ಒಬ್ಬನೇ ಕೂತು ಜೋರಾಗಿ ನಕ್ಕೆ, ಹೆಂಡತಿ ಎದ್ದು ಬಂದು ಬೈದಳು. ಇಂಥವು ಬಿಟ್ಟಿಯಾಗಿ ಇಂಟರ್ನೆಟ್ಟಿನಲ್ಲಿ ಹೇಗೆ ಸಿಗ್ತವೆ? ಕಳ್ಳ ಪ್ರತಿನಾ?

ಹಳೇರೀಲು
ಬಹಳಷ್ಟು ಕಳ್ಳ ಪ್ರತಿ ಅಲ್ಲ. ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿರೈಟ್ 28 ವರ್ಷ. ಮುಗಿಯುವ ಹೊತ್ತಿಗೆ ಅರ್ಜಿ ಹಾಕಿ ಮುಂದುವರಿಸಬೇಕಿತ್ತು. ಬಡವರ ಸಾಲಿನ ಕಂಪನಿಗಳು ಅಷ್ಟರಲ್ಲಿ ಮುಚ್ಚಿಹೋಗಿದ್ದವು. ಅರ್ಜಿ ಹಾಕುವವರೇ ಇಲ್ಲ. ‘ಡೆವಿಲ್ ಬ್ಯಾಟ್’ ಎಲ್ಲರ ಸ್ವತ್ತಾದದ್ದು ಹಾಗೆ. ಜಿಂಜರ್ ರಾಜರ್ಸ್ ವರದಿಗಾರ್ತಿಯಾಗಿರುವ 1933ರ ‘ಎ ಶ್ರೀಕ್ ಇನ್ ದಿ ನೈಟ್’ ಕೂಡ ಬಿಟ್ಟಿ ಸಿಗುತ್ತದೆ. ಅದೇ ವರ್ಷ ಆಕೆ ಫ್ರೆಡ್ ಆಸ್ಟೇರ್ ಜೊತೆ ಮೊದಲ ಸಲ ಕುಣಿದದ್ದು. ಟಾರ್ಚಿ ಮಾತ್ರ ವಾರ್ನರ್ ಸ್ವತ್ತು, ಡಿವಿಡಿ ಇದೆ.

ಬಾಣಂತನದಜ್ಜಿ
ಅಳಿಯ ಆ ಡಿವಿಡಿ ಎಲ್ಲಿಂದಲೋ ತರಿಸಿಕೊಟ್ಟ. ನಿನ್ನೆ ರಾತ್ರಿ ‘ಸ್ಮಾರ್ಟ್ ಬ್ಲಾಂಡ್’ ಮತ್ತೆ ಮೊದಲಿನಿಂದ ಹಾಕಿದೆ. ಟೋಪಿ ಹುಡುಗಿಯನ್ನು ಹುಡುಕಿದೆ, ಸಿಕ್ಕಳು. ಕೊಲೆಗಾರ ನಾನು ಅಂದುಕೊಂಡವನಲ್ಲ.

ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ಕೆಲಸಕ್ಕೆ ವಾಪಸ್ ಹೋಗಬೇಕಾ ಬೇಡವಾ ಅಂತ ಯೋಚನೆ. ಟಾರ್ಚಿ ಫೋನಿನಲ್ಲಿ ಪಟಪಟ ಸುದ್ದಿ ಹೇಳುವುದನ್ನು ನೋಡಿ, ಅಮ್ಮಾ ಇವಳು ಮದುವೆ ಆಗ್ತಾಳಾ ಅಂದಳು. ಇನ್ನೂ ಎಂಟು ಸಿನಿಮಾ ಇದೆ, ನೋಡೋಣ ಅಂದೆ. ಮಗು ಅಷ್ಟು ಹೊತ್ತೂ ಎದ್ದೇ ಇತ್ತು, ಅಳಲಿಲ್ಲ.

ಇವತ್ತು ರಾತ್ರಿಗೆ ‘ಫ್ಲೈ ಅವೇ ಬೇಬಿ’ ಹಾಕಲಾ, ಆ ದಿನಚರಿಯದ್ದು ಹಾಕಲಾ?

ತುಂಗಾತೀರ
ದಿನಚರಿಯದ್ದು ಹಾಕಿ ಅಮ್ಮ. ಮಗಳನ್ನೂ ಕೂರಿಸಿಕೊಳ್ಳಿ.